ಅವರೆಕಾಳು ಮಟನ್ ಸಾರು ಕೈಕೊಟ್ಟಾಗ: ಎಲ್ಲಿ ತಪ್ಪಿದೆ, ಈಗೇನು ಮಾಡೋದು

ಅವರೆಕಾಳು ಹಾಕಿದ ಮಟನ್ ಸಾರಿನ ಬಗ್ಗೆ ಬರುವ ದೂರುಗಳು ಸುಮಾರಾಗಿ ಒಂದೇ ಥರ ಇರುತ್ತವೆ. ಕಾಳು ಬೇಯಲಿಲ್ಲ, ಬಾಡು ಬೇಯಲಿಲ್ಲ, ಇಲ್ಲಾ ಎರಡೂ ಬೆಂದು ಸಾರು ಮಾತ್ರ ನೀರುನೀರಾಯಿತು. ಬಹುಪಾಲು ಸಲ ಕಾರಣ ಇಷ್ಟೇ: ಕಾಳು ಬೇಯುವ ಹೊತ್ತು ಬೇರೆ, ಬಾಡು ಬೇಯುವ ಹೊತ್ತು ಬೇರೆ. ಎರಡನ್ನೂ ಒಟ್ಟಿಗೆ ಕುಕ್ಕರಿಗೆ ಸುರಿದು ಕೂಗು ಎಣಿಸುತ್ತಾ ಕೂತರೆ ಯಾವುದಾದರೂ ಒಂದು ಕೆಟ್ಟೇ ಕೆಡುತ್ತದೆ.

ಕೆಳಗಿನ ಲೆಕ್ಕಗಳೆಲ್ಲ ಅರ್ಧ ಕೆಜಿ ಮೂಳೆ ಸಮೇತದ ಮಟನ್ ಮತ್ತು ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ಒಣ ಅವರೆಕಾಳಿಗೆ.

ಎಲ್ಲಕ್ಕೂ ಮೊದಲು: ಒಂದು ಕಾಳು, ಒಂದು ತುಂಡು

ಸಾರಿಗೆ ಇನ್ನಷ್ಟು ನೀರು, ಪುಡಿ, ಉಪ್ಪು ಹಾಕುವ ಮುಂಚೆ ತಳದಿಂದ ಒಂದು ಕಾಳು, ಒಂದು ಮಟನ್ ತುಂಡು ತೆಗೆದು ತಟ್ಟೆಗೆ ಹಾಕಿ. ಸ್ವಲ್ಪ ಆರಲಿ.

ಕಾಳನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಒತ್ತಿ. ಬೆಂದ ಕಾಳು ಬೆಣ್ಣೆಯ ಹಾಗೆ ಸದ್ದಿಲ್ಲದೆ ಹಿಸುಕಿಹೋಗುತ್ತದೆ. ಅರೆಬೆಂದದ್ದು ಸಿಪ್ಪೆಯಿಂದ ಜಾರಿ ಎರಡು ಹೋಳಾಗುತ್ತದೆ. ಆ ಹೋಳಿನ ನಡುವೆ ಸುಣ್ಣದ ಚುಕ್ಕೆಯಂಥ ಬಿಳಿ ಗುರುತು ಕಾಣಿಸಿದರೆ ಒಳಗೆ ಇನ್ನೂ ನೀರೇ ಹೋಗಿಲ್ಲ ಎಂದು ಅರ್ಥ. ಐದಾರು ಕಾಳು ನೋಡಿ, ಒಂದನ್ನೇ ನಂಬಬೇಡಿ.

ಮಟನ್ ತುಂಡನ್ನು ಚಮಚದ ಅಂಚಿನಿಂದ ಒತ್ತಿ. ಎಳೆ ಎಳೆಯಾಗಿ ಬಿಟ್ಟುಕೊಂಡರೆ ಬೆಂದಿದೆ. ಚಮಚ ಜಾರಿ ತುಂಡು ತಟ್ಟೆಯ ಆಚೆಗೆ ಹಾರಿದರೆ ಬೆಂದಿಲ್ಲ. ಎಳೆ ಬಿಡುತ್ತದೆ, ಆದರೆ ಬಾಯಿಗೆ ಒಣಗಿದ ನಾರಿನಂತೆ ಸಿಕ್ಕುತ್ತದೆ ಎಂದರೆ ಅದು ಬೇರೆಯೇ ಸಮಸ್ಯೆ, ಮುಂದೆ ಹೇಳುತ್ತೇನೆ.

ಬಾಡು ಬೆಂದಿದೆ, ಕಾಳು ಮಾತ್ರ ಕಲ್ಲು

ಮೊದಲು ನೆನಪು ಮಾಡಿಕೊಳ್ಳಿ: ಕಾಳು ಎಷ್ಟು ಹೊತ್ತು ನೆನೆದಿತ್ತು? ಒಣ ಅವರೆಗೆ ಎಂಟು ಹತ್ತು ಗಂಟೆ ಬೇಕು. ಬಿಸಿನೀರಿನಲ್ಲಿ ಎರಡು ಗಂಟೆ ಇಟ್ಟೆ ಅನ್ನುವವರು ಹೊರಗಿನ ಸಿಪ್ಪೆ ಉಬ್ಬಿದ್ದನ್ನು ನೋಡಿ ಮೋಸಹೋಗಿರುತ್ತಾರೆ. ನೆನೆದ ಕಾಳನ್ನು ಕತ್ತರಿಸಿದರೆ ಒಳಗೂ ಹೊರಗೂ ಒಂದೇ ಬಣ್ಣ ಇರಬೇಕು.

ಎರಡನೆಯ ಅನುಮಾನ ಹುಳಿಯ ಮೇಲೆ. ಟೊಮೆಟೊ, ಹುಣಸೆ, ಮೊಸರು ಇವು ಯಾವುದಾದರೂ ಕಾಳು ಬೇಯುವ ಮುಂಚೆಯೇ ಬಿದ್ದಿದ್ದರೆ ಕಾಳು ಅಲ್ಲಿಗೇ ನಿಂತುಬಿಡುತ್ತದೆ. ಕಾಳಿನ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಕರಗಿದರೆ ತಾನೇ ಅದು ಮೆತ್ತಗಾಗುವುದು? ಹುಳಿ ಇದ್ದರೆ ಅದು ಬೇಗ ಕರಗುವುದಿಲ್ಲ. ಟೊಮೆಟೊ ರುಬ್ಬಿ ಮಸಾಲೆಗೆ ಸೇರಿಸುವ ಮನೆಗಳಲ್ಲಿ ಈ ತೊಂದರೆ ಜಾಸ್ತಿ. ಹುಳಿಯನ್ನು ಕಡೆಯ ಹತ್ತು ಹದಿನೈದು ನಿಮಿಷಕ್ಕೆ ಇಟ್ಟುಕೊಳ್ಳಿ.

ಉಪ್ಪಿನ ಮೇಲೆ ಸುಮ್ನೆ ಆರೋಪ ಹೊರಿಸುತ್ತಾರೆ. ಮೊದಲೇ ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅನ್ನುವ ಮಾತು ನಿಜವಲ್ಲ. ನೆನೆಸುವ ನೀರಿಗೆ ಲೀಟರಿಗೆ ಸುಮಾರು 15 ಗ್ರಾಂ ಉಪ್ಪು ಹಾಕಿದರೆ ಸಿಪ್ಪೆ ಇನ್ನೂ ಬೇಗ ಮೆತ್ತಗಾಗುತ್ತದೆ. ಆ ನೀರು ಚೆಲ್ಲಿ, ಕಾಳು ತೊಳೆದು ಬೇಯಿಸಿ.

ಮೂರನೆಯದು ನೀರು. ಬೋರ್‌ವೆಲ್ ನೀರಿನ ಮನೆಗಳಲ್ಲಿ ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಆ ಸುಣ್ಣದ ಅಂಶವೇ ಪೆಕ್ಟಿನ್ನನ್ನು ಗಟ್ಟಿ ಮಾಡುವುದು. ಪರೀಕ್ಷೆ ಸುಲಭ. ಒಂದು ಹಿಡಿ ಕಾಳನ್ನು ಎರಡು ಪಾಲು ಮಾಡಿ, ಒಂದನ್ನು ಬೋರ್ ನೀರಿನಲ್ಲಿ, ಇನ್ನೊಂದನ್ನು ಕುಡಿಯುವ ಫಿಲ್ಟರ್ ನೀರಿನಲ್ಲಿ ನೆನೆಸಿ ಬೇಯಿಸಿ. ವ್ಯತ್ಯಾಸ ಕಂಡರೆ ಇನ್ನು ಮುಂದೆ ಕಾಳಿಗೆ ಫಿಲ್ಟರ್ ನೀರೇ. ಬೇರೆ ದಾರಿ ಇಲ್ಲದಿದ್ದರೆ ನೆನೆಸುವ ನೀರಿಗೆ ಒಂದು ಲೋಟ ಕಾಳಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ, ಆಮೇಲೆ ಆ ನೀರನ್ನು ಚೆಲ್ಲಿ. ಜಾಸ್ತಿ ಹಾಕಿದರೆ ಸಾರು ಸೋಪಿನ ರುಚಿ ಬರುತ್ತದೆ.

ಇಷ್ಟೆಲ್ಲ ಸರಿ ಇದ್ದೂ ಬೇಯದಿದ್ದರೆ ಕಾಳೇ ಹಳೆಯದು. ಸೆಕೆ ಮತ್ತು ತೇವದಲ್ಲಿ ತಿಂಗಳುಗಟ್ಟಲೆ ಕೂತ ಕಾಳು ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ನೆನೆಸಿದ ಬೆಳಿಗ್ಗೆ ಪಾತ್ರೆಯಲ್ಲಿ ಕೈಯಾಡಿಸಿ ನೋಡಿ. ಎಲ್ಲವೂ ಉಬ್ಬಿರುವಾಗ ಕೆಲವು ಮಾತ್ರ ನೆನ್ನೆಯಷ್ಟೇ ಸಣ್ಣಗೆ, ಮಿರಮಿರ ಹೊಳೆಯುತ್ತಾ ತಳದಲ್ಲಿ ಕೂತಿರುತ್ತವೆ. ಅವು ನೀರನ್ನೇ ಕುಡಿದಿಲ್ಲ. ಆರಿಸಿ ಎಸೆಯಿರಿ. ನಾಲ್ಕರಲ್ಲೊಂದು ಹಾಗಿದ್ದರೆ ಆ ಚೀಲವನ್ನು ಈ ಸಾರಿಗೆ ಬಳಸಬೇಡಿ.

ಈಗಾಗಲೇ ಒಲೆ ಮೇಲಿರುವ ಸಾರಿಗೆ ಏನು ಮಾಡುವುದು? ಮಟನ್ ತುಂಡುಗಳನ್ನು ತೆಗೆದು ಬೇರೆ ಇಡಿ. ಮಸಾಲೆ ಇನ್ನೂ ಹಾಕಿಲ್ಲದಿದ್ದರೆ ಕಾಳು ಮತ್ತು ರಸವನ್ನು ಮತ್ತೆ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಡಿ. ಮಸಾಲೆ ಬಿದ್ದಿದ್ದರೆ ಕುಕ್ಕರ್ ಬೇಡ, ತಳ ಹಿಡಿಯುತ್ತದೆ. ಕಾಳನ್ನು ಜಾಲರಿ ಸೌಟಿನಲ್ಲಿ ಎತ್ತಿ, ಬರೀ ನೀರಿನಲ್ಲಿ ಬೇಯಿಸಿ ವಾಪಸ್ ಹಾಕಿ. ಎರಡು ಕೆಲಸ ಆಯಿತು, ನಿಜ. ಆದರೆ ಬಾಡು ಉಳಿಯುತ್ತದೆ.

ತೆರೆದ ಪಾತ್ರೆಯಲ್ಲಿ ಮಾಡುವವರಿಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಮಂಗಳೂರಿನ ನೆಂಟರು ಹೇಳಿದ ಸಮಯಕ್ಕೆ ಹತ್ತು ಹದಿನೈದು ನಿಮಿಷ ಸೇರಿಸಿಕೊಂಡರೆ ಜಗಳ ಇಲ್ಲ.

ಕಾಳು ಕರಗಿಹೋಗಿದೆ, ಬಾಡು ರಬ್ಬರ್

ಇದು ಚಳಿಗಾಲದ ದೂರು. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಹಸಿ ಅವರೆಕಾಯಿ ಬಂದಾಗ ಜನ ಒಣಕಾಳಿನ ಲೆಕ್ಕದಲ್ಲೇ ಅದನ್ನೂ ಕುಕ್ಕರಿಗೆ ಹಾಕುತ್ತಾರೆ. ಹಸಿ ಕಾಳು ತೆರೆದ ಪಾತ್ರೆಯಲ್ಲೇ ಹದಿನೈದು ಇಪ್ಪತ್ತು ನಿಮಿಷಕ್ಕೆ ಬೇಯುತ್ತದೆ. ಹಿದುಕಿದ ಬೇಳೆಗೆ ಅಷ್ಟೂ ಬೇಡ. ಹೊರದೇಶದ ಅಂಗಡಿಯ ಫ್ರೀಜರಿನಲ್ಲಿ ಸಿಗುವ ಅವರೆಕಾಳೂ ಒಣಕಾಳಿನಂತಲ್ಲ, ಅದಕ್ಕೂ ಹಸಿ ಕಾಳಿನ ಸಮಯವೇ ಸಾಕು. ಇವನ್ನೆಲ್ಲ ಬಾಡು ಬೆಂದ ಮೇಲೆ, ಮಸಾಲೆ ಜೊತೆ ಹಾಕಬೇಕು.

ಇನ್ನು ಬಾಡು ಯಾಕೆ ಬೇಯಲಿಲ್ಲ? ಖರ್ಚಿಲ್ಲದ ಉತ್ತರ: ಸಮಯ ಸಾಲಲಿಲ್ಲ. ಕೂಗಿನ ಲೆಕ್ಕ ಬಿಟ್ಟು ಗಡಿಯಾರ ನೋಡಿ. ದೊಡ್ಡ ಉರಿಯಲ್ಲಿ ಆರು ಕೂಗು ಏಳು ನಿಮಿಷದಲ್ಲಿ ಮುಗಿಯಬಹುದು, ಸಣ್ಣ ಉರಿಯಲ್ಲಿ ಅದೇ ಆರಕ್ಕೆ ಅರ್ಧ ಗಂಟೆ ಹಿಡಿಯಬಹುದು. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ ಇಪ್ಪತ್ತು ಇಪ್ಪತ್ತೈದು ನಿಮಿಷ ಕೊಡಿ. ತೆರೆದ ಪಾತ್ರೆಯಲ್ಲಾದರೆ ಒಂದೂವರೆಯಿಂದ ಎರಡು ಗಂಟೆ. ಮಾಂಸದ ನಾರುಗಳ ಸುತ್ತ ಇರುವ ಕೊಲಾಜೆನ್ ಕರಗಿ ಅಂಟಿನಂತಾಗಲು ಅಷ್ಟು ಹೊತ್ತು ಬೇಕೇ ಬೇಕು. ಬಾಯಿಗೆ ಬರುವ ಆ ಜಿಗುಟು ರುಚಿ ಅದರಿಂದಲೇ.

ಎರಡನೆಯದು, ಬೆಳಿಗ್ಗೆ ಕಡಿದ ಕುರಿಯನ್ನು ಒಂಬತ್ತಕ್ಕೇ ಒಲೆಗೆ ಏರಿಸಿದ್ದು. ಕಡಿದು ಕೆಲವೇ ಗಂಟೆಯಾದ ಮಾಂಸ ಸೆಟೆದುಕೊಂಡಿರುತ್ತದೆ. ಫ್ರಿಡ್ಜಿನಲ್ಲಿ ಒಂದು ರಾತ್ರಿ ಮುಚ್ಚಿಟ್ಟರೆ ಸಡಿಲವಾಗುತ್ತದೆ. ಭಾನುವಾರದ ಸಾರಿಗೆ ಶನಿವಾರ ಸಂಜೆ ಮಟನ್ ತನ್ನಿ.

ಮೂರನೆಯದು ಬಲಿತ ಮಾಂಸ. ಬಣ್ಣ ಕಡುಗೆಂಪು, ಕೊಬ್ಬು ಹಳದಿ, ಮೂಳೆ ದಪ್ಪ ಇದ್ದರೆ ಸಾಮಾನ್ಯವಾಗಿ ವಯಸ್ಸಾದದ್ದು. ಅದು ಕೆಟ್ಟ ಮಾಂಸವಲ್ಲ, ಅದರ ಸಾರಿನ ರುಚಿಯೇ ಗಟ್ಟಿ. ಸಮಯ ಮಾತ್ರ ಜಾಸ್ತಿ. ಬೇಯಿಸುವ ಮುಂಚೆ ಹಸಿ ಪರಂಗಿಕಾಯಿ ಅರೆದು ಒಂದು ಚಮಚ ಸವರಿ ಅರ್ಧ ಗಂಟೆ ಬಿಟ್ಟರೆ ಬೇಗ ಮೆತ್ತಗಾಗುತ್ತದೆ. ಅದಕ್ಕಿಂತ ಹೊತ್ತು ಬಿಟ್ಟರೆ ಹೊರಗೆಲ್ಲ ಹಿಟ್ಟುಹಿಟ್ಟಾಗುತ್ತದೆ. ಕುದಿಯುವ ಸಾರಿಗೆ ಹಾಕಿದರೆ ಅಷ್ಟು ಪ್ರಯೋಜನ ಇಲ್ಲ, ಆ ಶಾಖಕ್ಕೆ ಅದರ ಶಕ್ತಿ ಉಳಿಯುವುದಿಲ್ಲ.

ಬಾಡು ಬೆಂದಿದೆ, ಆದರೆ ಒಣಒಣ

ಬೋನ್‌ಲೆಸ್ ಕೊಡಿ ಎಂದು ಕೇಳಿ ತಂದಿದ್ದೀರಾ? ಅಲ್ಲೇ ಇದೆ ಉತ್ತರ. ಕೊಬ್ಬೂ ನಾರೂ ಇಲ್ಲದ ತುಂಡು ನಿಧಾನವಾಗಿ ಬೇಯುವ ಸಾರಿಗೆ ಬಂದದ್ದಲ್ಲ. ಕತ್ತು, ಮುಂಗಾಲು, ಪಕ್ಕೆ, ನಲ್ಲಿ ಮೂಳೆ ಬೆರೆಸಿ ಕೊಡಿ ಎಂದು ಕೇಳಿ. ಸದ್ಯಕ್ಕೆ ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ತುಂಡನ್ನು ಎಳೆ ಎಳೆಯಾಗಿ ಬಿಡಿಸಿ ಸಾರಿಗೇ ಬೆರೆಸಿಬಿಡಿ, ಮುದ್ದೆಗೆ ಚೆನ್ನಾಗಿಯೇ ಇರುತ್ತದೆ.

ಕುಕ್ಕರ್ ಕೂಗುತ್ತಿಲ್ಲ, ಇಲ್ಲಾ ನೊರೆ ಉಗುಳುತ್ತಿದೆ

ಇಲ್ಲಿ ಆತುರ ಬೇಡ.

ಅಂಚಿನಿಂದ ಹಬೆ ಬರುತ್ತಿದ್ದರೆ ಗ್ಯಾಸ್ಕೆಟ್ ಸಡಿಲವಾಗಿದೆ. ಒಲೆ ಆರಿಸಿ, ಒತ್ತಡ ಪೂರ್ತಿ ಇಳಿದ ಮೇಲೆ ಗ್ಯಾಸ್ಕೆಟ್ ತೆಗೆದು ಐದು ನಿಮಿಷ ತಣ್ಣೀರಿನಲ್ಲಿ ಹಾಕಿ ಮತ್ತೆ ಕೂರಿಸಿ. ಆ ಹೊತ್ತಿಗೆ ಕೆಲಸ ನಡೆಯುತ್ತದೆ. ಗಟ್ಟಿಯಾಗಿ ಸೀಳು ಬಿಟ್ಟಿದ್ದರೆ ಹೊಸದು ತನ್ನಿ.

ಹಬೆಯೂ ಇಲ್ಲ, ಕೂಗೂ ಇಲ್ಲ, ಒಳಗೆ ಮಾತ್ರ ಕುದಿಯುವ ಸದ್ದು ಇದೆ ಎಂದರೆ ಇದು ಅಪಾಯದ ಸೂಚನೆ. ಕಾಳಿನ ನೊರೆ ಮತ್ತು ಸಿಪ್ಪೆ ಹಬೆ ಕೊಳವೆಯಲ್ಲಿ ಸಿಕ್ಕಿಕೊಂಡಿರಬಹುದು. ತಕ್ಷಣ ಒಲೆ ಆರಿಸಿ. ವೆಯ್ಟನ್ನು ಎತ್ತಬೇಡಿ, ಕೆದಕಬೇಡಿ, ಮುಚ್ಚಳ ತಿರುಗಿಸಬೇಡಿ, ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಿ. ತಾನಾಗಿ ತಣ್ಣಗಾಗಲಿ. ಆಮೇಲೆ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಬದಿಯ ಬೆಳಕು ಕಾಣಬೇಕು.

ಕಾಳು ಬೇಯಿಸುವಾಗ ಕುಕ್ಕರನ್ನು ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ಬೇರೆ ಅಡುಗೆಗೆ ಮೂರನೇ ಎರಡು ಭಾಗದವರೆಗೆ ಸರಿ, ಕಾಳು ಮಾತ್ರ ಉಬ್ಬುತ್ತದೆ, ನೊರೆಯನ್ನೂ ಬಿಡುತ್ತದೆ. ಮುಚ್ಚುವ ಮುಂಚೆ ಒಂದು ಕುದಿ ಬರಿಸಿ ನೊರೆ ತೆಗೆದು, ಒಂದು ಚಮಚ ಎಣ್ಣೆ ಹಾಕಿದರೆ ಉಗುಳುವುದು ಕಡಿಮೆಯಾಗುತ್ತದೆ.

ಸೇಫ್ಟಿ ವಾಲ್ವ್ ಕರಗಿ ಹಾರಿದ್ದರೆ ಅಂದಿನ ಮಟ್ಟಿಗೆ ಕುಕ್ಕರ್ ಮುಗಿಯಿತು. ಆ ತೂತಿಗೆ ಏನನ್ನೂ ತುರುಕಬೇಡಿ. ಅದೇ ಕಂಪನಿಯ, ಅದೇ ಮಾದರಿಯ ವಾಲ್ವ್ ಹಾಕಿಸಿ. ಎರಡನೇ ಸಲವೂ ಹಾರಿದರೆ ರಿಪೇರಿಯವರಿಗೆ ತೋರಿಸದೆ ಒಲೆಗೆ ಏರಿಸಬೇಡಿ. ಹಬೆ ತಾಗಿ ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ ಬೇಡ. ಮುಖಕ್ಕೋ ಕಣ್ಣಿಗೋ ತಾಗಿದ್ದರೆ, ಅಂಗೈಗಿಂತ ದೊಡ್ಡದಾಗಿ ಬೊಬ್ಬೆ ಎದ್ದರೆ ನೇರ ಆಸ್ಪತ್ರೆ.

ಸಾರು ನೀರುನೀರು, ಮಸಾಲೆ ತಳದಲ್ಲಿ

ಒಂದು ಸೌಟು ಬೆಂದ ಕಾಳು ತೆಗೆದು ಚೆನ್ನಾಗಿ ಮಸೆದು ವಾಪಸ್ ಹಾಕಿ, ಮುಚ್ಚಳ ತೆಗೆದು ಹತ್ತು ನಿಮಿಷ ಕುದಿಸಿ. ಬಹಳಷ್ಟು ಸಲ ಇಷ್ಟೇ ಸಾಕು, ರುಚಿಯೂ ಕೆಡುವುದಿಲ್ಲ. ಸಾಲದಿದ್ದರೆ ಒಂದೆರಡು ಚಮಚ ಹುರಿಗಡಲೆಯನ್ನು ನೀರು ಹಾಕಿ ನುಣ್ಣಗೆ ರುಬ್ಬಿ ಬೆರೆಸಿ. ಒಣ ಹಿಟ್ಟನ್ನು ಬಿಸಿ ಸಾರಿಗೆ ಉದುರಿಸಿದರೆ ಗಂಟುಗಳನ್ನು ಆರಿಸುತ್ತಾ ಕೂರಬೇಕಾಗುತ್ತದೆ. ತೆಂಗಿನಕಾಯಿ ತರಿತರಿಯಾಗಿದ್ದರೆ ಎಷ್ಟು ಕುದಿಸಿದರೂ ನೀರು ಬೇರೆ, ಮಸಾಲೆ ಬೇರೆ. ಮುಂದಿನ ಸಲ ಇನ್ನೆರಡು ನಿಮಿಷ ಮಿಕ್ಸಿ ಓಡಿಸಿ. ಮೇಲೆ ಎಣ್ಣೆ ತೇಲುತ್ತಿದೆ ಎಂದು ಗಾಬರಿಯಾಗಬೇಡಿ, ಅದು ಮಸಾಲೆ ಬೆಂದ ಗುರುತು.

ಉಪ್ಪು ಜಾಸ್ತಿಯಾಗಿದ್ದರೆ ಆಲೂಗಡ್ಡೆ, ಹಿಟ್ಟಿನ ಉಂಡೆ ಹಾಕುತ್ತಾರೆ. ಅವು ಉಪ್ಪನ್ನಷ್ಟೇ ಆರಿಸಿ ಕುಡಿಯುವುದಿಲ್ಲ, ಸಾರನ್ನೇ ಕುಡಿಯುತ್ತವೆ. ಬಿಸಿನೀರು, ಉಪ್ಪಿಲ್ಲದೆ ಬೇಯಿಸಿದ ಇನ್ನಷ್ಟು ಕಾಳು, ಸ್ವಲ್ಪ ತೆಂಗಿನಕಾಯಿ: ಇವೇ ದಾರಿ.

ವಾಸನೆ ಸರಿ ಇಲ್ಲ

ಯಾವ ವಾಸನೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಹಸಿ ಬೆಳ್ಳುಳ್ಳಿ, ಹಸಿ ದನಿಯದ ವಾಸನೆ ಬಂದರೆ ಮಸಾಲೆ ಬೆಂದಿಲ್ಲ, ಸಣ್ಣ ಉರಿಯಲ್ಲಿ ಇನ್ನೂ ಹದಿನೈದು ನಿಮಿಷ ಬಿಡಿ. ಕಹಿ ಇದ್ದರೆ ದನಿಯವೋ ಬೆಳ್ಳುಳ್ಳಿಯೋ ಸೀದಿದೆ. ಸ್ವಲ್ಪ ಕಹಿಯಾದರೆ ತೆಂಗಿನಕಾಯಿ ಮುಚ್ಚಿಹಾಕುತ್ತದೆ, ಜಾಸ್ತಿಯಾದರೆ ಆಗುವುದಿಲ್ಲ. ಕಮಟು ವಾಸನೆ ಹಳೆ ಕೊಬ್ಬರಿಯದು, ಅದಕ್ಕೆ ಮದ್ದಿಲ್ಲ. ಮುಗ್ಗಲು ವಾಸನೆ ಬಂದರೆ ಕಾಳಿಗೆ ಬೂಸ್ಟು ಹಿಡಿದಿತ್ತು. ಅಂಥ ಕಾಳನ್ನು ತೊಳೆದು ಬಿಸಿಲಿಗೆ ಹಾಕಿ ಬಳಸುವುದು ತಪ್ಪು, ಎಸೆಯಿರಿ.

ತಳ ಹಿಡಿದ ವಾಸನೆ ಬಂದ ಕ್ಷಣ ಎಲ್ಲರ ಕೈಯೂ ಸೌಟಿಗೆ ಹೋಗುತ್ತದೆ. ಅದೇ ಮಾಡಬಾರದ್ದು. ಕೆರೆದರೆ ಸೀದದ್ದು ಸಾರಿಗೆಲ್ಲ ಹರಡುತ್ತದೆ. ಒಲೆ ಆರಿಸಿ, ಪಾತ್ರೆ ಅಲುಗಿಸದೆ ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ, ತಳದ ಎರಡು ಬೆರಳಷ್ಟು ಅಲ್ಲೇ ಬಿಡಿ. ಆಮೇಲೆ ರುಚಿ ನೋಡಿ. ಬಹಳ ಸಲ ಉಳಿದುಕೊಳ್ಳುತ್ತದೆ.

ಬೇಯಿಸುವ ಮುಂಚೆಯೇ ಮಟನ್ ಅಂಟಂಟಾಗಿದ್ದು, ಹಸಿರು ಛಾಯೆ ಇದ್ದು, ಹುಳಿ ವಾಸನೆ ಬಂದಿದ್ದರೆ ಮಸಾಲೆ ಜಾಸ್ತಿ ಹಾಕಿ ಸರಿಮಾಡಲು ಹೋಗಬೇಡಿ. ದುಡ್ಡು ಹೋದರೆ ಹೋಗಲಿ.

ಮಾರನೇ ದಿನ ನೊರೆ, ಹುಳಿ

ಈ ಸಾರು ಮಾರನೇ ದಿನಕ್ಕೆ ಇನ್ನೂ ರುಚಿ, ಅಲ್ವಾ? ಅದಕ್ಕೇ ದೊಡ್ಡ ಪಾತ್ರೆಯಲ್ಲಿ ಮಾಡಿ ರಾತ್ರಿಯಿಡೀ ಒಲೆ ಮೇಲೇ ಬಿಡುತ್ತಾರೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಸಣ್ಣ ಗುಳ್ಳೆ, ಸ್ವಲ್ಪ ಹುಳಿ ವಾಸನೆ. ಕುದಿಸಿದರೆ ಸರಿಹೋಗುತ್ತದೆ ಅನ್ನಿಸುತ್ತದೆ. ಸರಿಹೋಗುವುದಿಲ್ಲ. ಮಾಂಸದ ಸಾರಿನಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯನ್ನೂ ತಡೆದುಕೊಳ್ಳುತ್ತವೆ. ಇನ್ನು ಕೆಲವು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಚೆಲ್ಲಿ.

ವಾಸನೆ ಇಲ್ಲದಿದ್ದರೂ ರಾತ್ರಿಯೆಲ್ಲ ಹೊರಗಿದ್ದ ಸಾರು ಬೇಡ. ಮಾಡಿದ ಎರಡು ಗಂಟೆಯೊಳಗೆ, ಬೇಸಿಗೆಯ ಸೆಕೆಯಲ್ಲಿ ಒಂದು ಗಂಟೆಯೊಳಗೆ ಫ್ರಿಡ್ಜ್ ಸೇರಬೇಕು. ದೊಡ್ಡ ಪಾತ್ರೆಯನ್ನು ಹಾಗೇ ಇಟ್ಟರೆ ನಡುವಿನ ಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. ಎರಡು ಮೂರು ಅಗಲದ ಡಬ್ಬಿಗೆ ಹಂಚಿ, ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ. ಮೂರು ದಿನ, ಹೆಚ್ಚೆಂದರೆ ನಾಲ್ಕು ದಿನ ಇರುತ್ತದೆ. ಕರೆಂಟ್ ಪದೇ ಪದೇ ಹೋಗುವ ಊರಾದರೆ ಅಷ್ಟೂ ನಂಬಬೇಡಿ. ಬೇಕಾದಷ್ಟನ್ನೇ ತೆಗೆದು ಕೊತಕೊತ ಕುದಿಸಿ ಬಡಿಸಿ.

ಅವರೆ ಬದಲು ರಾಜ್ಮಾ ಹಾಕಿದರೆ

ಹಾಕಬಹುದು, ಆದರೆ ಇದೊಂದು ನಿಯಮ ಮೀರುವಂತಿಲ್ಲ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಕಾರಿ ಅಂಶ ಇದೆ. ನಾಲ್ಕೈದು ಬೇಯದ ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ಜೋರು ವಾಂತಿ, ಆಮೇಲೆ ಭೇದಿ ಶುರುವಾಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಜೋರಾಗಿ ಕುದಿಸಲೇಬೇಕು, ಇಲ್ಲಾ ಕುಕ್ಕರಿನಲ್ಲಿ ಪೂರ್ತಿ ಮೆತ್ತಗಾಗುವ ತನಕ ಬೇಯಿಸಬೇಕು. ಕರೆಂಟಿನ ಸ್ಲೋ ಕುಕ್ಕರಿಗೆ ರಾಜ್ಮಾವನ್ನು ನೇರವಾಗಿ ಹಾಕಬೇಡಿ. ಅದು ಗಂಟೆಗಟ್ಟಲೆ ಕುದಿಯ ಕೆಳಗೇ ಇರಬಹುದು. ಸುಮಾರು 80 ಡಿಗ್ರಿಯಲ್ಲಿ ನಿಂತ ರಾಜ್ಮಾ ಹಸಿಯದಕ್ಕಿಂತ ಜಾಸ್ತಿ ತೊಂದರೆ ಕೊಡಬಲ್ಲದು. ಒಣ ಅವರೆಯನ್ನೂ ಅರೆಬೆಂದಂತೆ ತಿನ್ನಬೇಡಿ.

ತಿಂದ ಮೇಲೆ ತೊಂದರೆ

ಬರೀ ಹೊಟ್ಟೆ ಉಬ್ಬರ, ಗ್ಯಾಸ್ ಆದರೆ ಅದು ಕಾಳಿನ ಸಹಜ ಗುಣ. ನೆನೆಸಿದ ನೀರು ಚೆಲ್ಲಿದರೆ, ಮೊಳಕೆ ಬರಿಸಿದರೆ ಸ್ವಲ್ಪ ಕಡಿಮೆ.

ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಿ. ಕುಡಿದದ್ದು ನಿಲ್ಲದಿದ್ದರೆ, ರಕ್ತ ಕಂಡರೆ, ಜ್ವರ ಏರಿದರೆ, ಮೂತ್ರ ಕಡಿಮೆಯಾದರೆ, ಚಿಕ್ಕ ಮಗುವೋ ವಯಸ್ಸಾದವರೋ ಬಸುರಿಯೋ ಆಗಿದ್ದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಏನು ತಿಂದಿದ್ದು, ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಹೇಳಿ.

ಇನ್ನೊಂದು ಅಪಾಯ ಮುದ್ದೆ ಉಣ್ಣುವವರಿಗೇ ಜಾಸ್ತಿ. ಕತ್ತಿಯಲ್ಲಿ ಕಡಿಯುವಾಗ ಮೂಳೆಯ ಚೂಪು ಚೂರುಗಳು ಬಾಡಿನ ಜೊತೆ ಬರುತ್ತವೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿಗೆ ಅದ್ದಿ ನುಂಗುತ್ತೇವೆ. ಆ ತುತ್ತಿಗೆ ಚೂರು ಅಂಟಿಕೊಂಡರೆ ಗೊತ್ತೇ ಆಗುವುದಿಲ್ಲ. ಮಟನ್ ತೊಳೆಯುವಾಗ ಪಾತ್ರೆಯ ತಳವನ್ನು ಬೆರಳಿನಿಂದ ತಡವಿ ನೋಡಿ, ಸಾರು ಬಡಿಸುವಾಗ ತಳದ ಒಂದು ಸೌಟು ಬಿಟ್ಟುಬಿಡಿ. ಗಂಟಲಿನಲ್ಲಿ ಚುಚ್ಚಿದಂತಾಗಿ ಹೋಗದಿದ್ದರೆ ಅದನ್ನು ಕೆಳಗಿಳಿಸಲೆಂದು ಇನ್ನೊಂದು ತುತ್ತು ಮುದ್ದೆಯೋ ಬಾಳೆಹಣ್ಣೋ ನುಂಗಬೇಡಿ, ಚೂರು ಇನ್ನೂ ಆಳಕ್ಕೆ ನಾಟಬಹುದು. ಉಗುಳು ನುಂಗಲೂ ನೋವಾಗುತ್ತಿದ್ದರೆ, ಎದೆ ನೋವು ಬಂದರೆ ಅವತ್ತೇ ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ 108ಕ್ಕೆ ಫೋನ್ ಮಾಡಿ.